ಚಿಪ್ ಹೇಳಿದ ಸುಳ್ಳು

ಶಿಕಾರಿಪುರದಲ್ಲಿ ಗೊಬ್ಬರದ ಅಂಗಡಿಯೊಂದರ ಮಹಡಿ ಮೇಲೆ ಶ್ರೀನಾಥನ ಪುಟ್ಟ ಕಂಪನಿ. ಹಾಲಿನ ಸಂಘಗಳಿಗೆ ತೂಕದ ಯಂತ್ರ ಮಾಡಿ ಕೊಡುತ್ತಾರೆ. ಯಾರ ಹಾಲು ಎಷ್ಟು ತೂಗಿತು ಎನ್ನುವುದನ್ನು ಯಂತ್ರ ತನ್ನೊಳಗಿನ ಮೆಮೊರಿ ಕಾರ್ಡಿಗೆ ತಾನೇ ಬರೆದಿಡುತ್ತದೆ. ಅದರ ಪ್ರೋಗ್ರಾಂ ಬರೆಯುವವಳು ನಾಗಶ್ರೀ. ಕೆಲಸದಲ್ಲಿ ಗಟ್ಟಿಗಿತ್ತಿ, ಬಾಯಲ್ಲಿ ಇನ್ನೂ ಗಟ್ಟಿ. ನೋಡಲು ಬಂದ ಗಂಡಿನವರು "ಮದುವೆ ಆದ್ಮೇಲೆ ಕೆಲಸ ಬಿಡ್ತೀಯೇನಮ್ಮ?" ಎಂದಾಗ, "ನಿಮ್ಮ ಹುಡುಗ ಬಿಡ್ತಾನೇನ್ರಿ?" ಎಂದು ಕೇಳಿ, ಕೊಟ್ಟ ಕಾಫಿ ಲೋಟವನ್ನೇ ವಾಪಸ್ ಎತ್ತಿಕೊಂಡು ಒಳಗೆ ಹೋದವಳು. ಅಂಥವಳ ಬಾಯಲ್ಲಿ ಸುಳ್ಳು ಹೇಳಿಸಲು ಹೊರಟಿದ್ದು ಶ್ರೀನಾಥನ ದಡ್ಡತನ, ಮತ್ತೇನಲ್ಲ.

ಆಗಿದ್ದು ಇಷ್ಟು. ಸೊರಬದ ಕಡೆ ಹೊಸಬಾಳೆಯ ಹೆಂಗಸರ ಹಾಲಿನ ಸಂಘದಲ್ಲಿ ಕೆಲವರು ಹಾಕಿದ ಹಾಲು ಕಾರ್ಡಿನಲ್ಲಿ ಕಾಣುತ್ತಲೇ ಇರಲಿಲ್ಲ. ಯಂತ್ರದ ಮುಂದೆ ಕೂರುವವಳು ಕಾರ್ಯದರ್ಶಿ ಹೂವಮ್ಮ. ಸರಿ, ಊರ ಬಾಯಿಗೆ ಇನ್ನೇನು ಬೇಕು? ಹೂವಮ್ಮನೇ ಹಾಲು ನುಂಗುತ್ತಿದ್ದಾಳೆ ಎಂದು ಗುಸುಗುಸು ಶುರುವಾಯಿತು. ಭಾನುವಾರ ಸಭೆ ಕರೆದು ಅವಳನ್ನು ತೆಗೆದುಹಾಕುವುದೆಂದೂ ಆಯಿತು.

ನಾಗಶ್ರೀ ಬೆಳಗಿನ ಬಸ್ಸಿಗೇ ಹೋಗಿ ನೋಡಿದಳು. ಬೇರೆ ಊರುಗಳಲ್ಲಿ ಹಾಲು ಹಾಕುವವರು ಸಾಲಿನಲ್ಲಿ ನಿಂತು, ನಂಬರ್ ಹೇಳಿ, ನಾಲ್ಕು ಮಾತಾಡಿ ಮುಂದೆ ಸರಿಯುತ್ತಾರೆ. ಇಲ್ಲಿಯವರಿಗೆ ಗದ್ದೆ ಕೆಲಸದ ಅವಸರ. ಕ್ಯಾನುಗಳನ್ನು ಸಾಲಾಗಿ ಇಟ್ಟು ಹೋಗಿಬಿಡುತ್ತಾರೆ. ಮುಚ್ಚಳ ನೋಡಿದರೆ ಸಾಕು, ಯಾರ ಕ್ಯಾನೆಂದು ಹೂವಮ್ಮನಿಗೆ ಗೊತ್ತು. ಸುರಿದಳು, ಗುಂಡಿ ಒತ್ತಿದಳು, ಮುಂದಿನದು. ಉಸಿರು ಬಿಡಲೂ ಪುರುಸೊತ್ತಿಲ್ಲ. ಅಬ್ಬಾ, ಏನು ಕೈಯಪ್ಪಾ ಈ ಹೆಂಗಸಿನದು ಎಂದುಕೊಂಡ ನಾಗಶ್ರೀಗೆ ಅಲ್ಲೇ ಅನುಮಾನ ಹುಟ್ಟಿತು.

ಕಚೇರಿಗೆ ಬಂದು ಅದೇ ವೇಗದಲ್ಲಿ ಗುಂಡಿ ಒತ್ತಿ ಪರೀಕ್ಷಿಸಿದಳು. ಕಾರ್ಡನ್ನು ನಿಭಾಯಿಸುವ ಚಿಪ್‌ನಲ್ಲೇ ದೋಷ. ಕಾರ್ಡ್ ಇನ್ನೂ ಬರೆಯುತ್ತಿರುವಾಗಲೇ ಅದು ಬರೆದಾಯಿತು ಎಂದು ಸುಳ್ಳು ಹೇಳುತ್ತಿತ್ತು. ನಿಧಾನಸ್ಥರ ಊರಲ್ಲಿ ಆ ಸುಳ್ಳು ನಡೆದುಹೋಗುತ್ತಿತ್ತು. ಹೂವಮ್ಮನ ವೇಗಕ್ಕೆ ಮಾತ್ರ ಹಿಂದಿನ ತೂಕ ಅರ್ಧಕ್ಕೇ ಹಾಳಾಗುತ್ತಿತ್ತು.

ವಿಷಯ ಕೇಳಿ ಶ್ರೀನಾಥ ಬೆವರಿದ. "ಚಿಪ್ ಸರಿ ಇಲ್ಲ ಅಂತ ಬಾಯಿ ಬಿಟ್ರೆ ಮಾರಿದ ಯಂತ್ರ ಎಲ್ಲಾ ವಾಪಸ್ ಬರ್ತಾವೆ. ಯಂತ್ರಕ್ಕೆ ಪೂಜೆ ಮಾಡಿದ ಕುಂಕುಮ ಕಾರ್ಡಿನ ಸಂದಿಗೆ ಹೋಗೇತಿ ಅಂದ್ಬಿಡು. ಆಯಮ್ಮನಿಗೂ ಸ್ವಲ್ಪ ನಿಧಾನ ಮಾಡು ಅಂತ ಹೇಳು."

"ಚುರುಕಾಗಿ ಕೆಲಸ ಮಾಡೋದು ಅವರ ತಪ್ಪೇನ್ರಿ ಸರ್? ಅವರ ಕೈ ಯಾಕೆ ಕಟ್ಲಿ? ಚಿಪ್ ಬಾಯಿ ಕಟ್ತೀನಿ."

ಕಟ್ಟಿಯೇಬಿಟ್ಟಳು. ಯಂತ್ರಕ್ಕೂ ಕಾರ್ಡಿಗೂ ನಡುವೆ ಮಾತುಕತೆ ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮನ್ನು ಬಿಚ್ಚಿ ಹೊಸದಾಗಿ ಬರೆದಳು. ಇನ್ನು ಚಿಪ್ ಮಾತನ್ನು ನಂಬುವಂತಿಲ್ಲ. ಬರೆಸಿದ್ದನ್ನು ಕಾರ್ಡಿನಿಂದಲೇ ವಾಪಸ್ ಓದಿ ನೋಡಬೇಕು, ಸರಿಯಿದ್ದರಷ್ಟೇ ಮುಂದಿನದು. ಅಷ್ಟರೊಳಗೆ ಬಂದ ತೂಕಗಳನ್ನು ಯಂತ್ರ ತನ್ನಲ್ಲೇ ಇಟ್ಟುಕೊಂಡು ಕಾಯಬೇಕು. ಮೊದಮೊದಲು ಎಲ್ಲಾ ಎಡವಟ್ಟಾಯಿತು. ಆ ಚಿಪ್ ಮಾಡಿದವರ ವಂಶವನ್ನೆಲ್ಲ ಬೈದು ಮತ್ತೆ ಕೂತಳು. ಶನಿವಾರ ಸಂಜೆಯ ಹೊತ್ತಿಗೆ ಎಷ್ಟು ಬೇಗ ಒತ್ತಿದರೂ ಒಂದು ತೂಕವೂ ತಪ್ಪಲಿಲ್ಲ.

ಭಾನುವಾರದ ಸಭೆಗೆ ಶ್ರೀನಾಥನೂ ಬಂದಿದ್ದ, ಕುಂಕುಮದ ಕತೆ ಹೇಳಲು. ಅವನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ನಾಗಶ್ರೀ ಯಂತ್ರವನ್ನು ಮೇಜಿನ ಮೇಲಿಟ್ಟು, ಕ್ಯಾನುಗಳಿಗೆ ನೀರು ತುಂಬಿಸಿ, ಹೂವಮ್ಮನಿಗೆ ದಿನದಂತೆಯೇ ಸುರಿಯಲು ಹೇಳಿದಳು. ಹಳೆಯ ಪ್ರೋಗ್ರಾಮಿನಲ್ಲಿ ಎಲ್ಲರ ಕಣ್ಣೆದುರೇ ತೂಕಗಳು ಮಾಯವಾದವು. ಹೊಸದನ್ನು ಹಾಕಿ ಮತ್ತೆ ಸುರಿಸಿದಳು. ಎಲ್ಲವೂ ಬಂದವು.

"ನೋಡಿದ್ರಲ್ಲ? ಕಳ್ಳತನ ಮಾಡಿದ್ದು ನಮ್ಮ ಯಂತ್ರ, ಹೂವಮ್ಮ ಅಲ್ಲ. ಎಲ್ಲಾ ಸಂಘಕ್ಕೂ ಹೋಗಿ ಇದನ್ನ ನಾನೇ ಹಾಕಿಕೊಡ್ತೀನಿ. ನಮ್ಮ ಸರ್ ನನ್ನ ಕೆಲಸದಿಂದ ತೆಗೆದ್ರೂ ತೆಗೀಲಿ!"

ಸಂಘದ ಅಧ್ಯಕ್ಷೆ ತುಂಗಮ್ಮ ಸೆರಗು ಸರಿಮಾಡಿಕೊಂಡಳು. "ಹಂಗಾರೆ ಸರಿಯಾತಲ್ಲೇ ಹೂವಮ್ಮ. ನೀನೇ ಮುಂದುವರಿಸು. ಆಗಿದ್ದು ಆಗೋತು."

"ಎಂತ ಆಗೋತು ತುಂಗಕ್ಕ?" ಹೂವಮ್ಮ ದನಿ ತಗ್ಗಿಸಲಿಲ್ಲ. "ನನ್ನ ಸೊಸೆ ಎದುರಿಗೆ ಕಳ್ಳಿ ಅನ್ನಿಸ್ಕಂಡೆ ನಾನು. ಈ ಕುರ್ಚಿ ಬಿಡದಿಲ್ಲ, ಅದು ನಂದು. ಆದ್ರೆ ನನ್ನ ಕಳ್ಳಿ ಅಂದೋರು ಒಂದ್ಸಲ ಎದ್ದು ನಿಂತ್ಕಳಿ. ಮುಖ ನೋಡ್ಬೇಕು."

ತುಂಗಮ್ಮನೇ ಮೊದಲು ಎದ್ದಳು. ಆಮೇಲೆ ಮುಂದೆ ಕೂತಿದ್ದ ಇಬ್ಬರು, ಅವರ ಹಿಂದಿನವರು, ಕಿಟಕಿ ಪಕ್ಕದವರು. ನೋಡನೋಡುತ್ತ ಸಭೆಗೆ ಸಭೆಯೇ ತಲೆ ತಗ್ಗಿಸಿಕೊಂಡು ನಿಂತಿತು. ಹೂವಮ್ಮ ಒಬ್ಬೊಬ್ಬರ ಮುಖವನ್ನೂ ಬಿಡದೆ ನೋಡಿದಳು.

ಬಾಗಿಲ ಹತ್ತಿರ ಶ್ರೀನಾಥನೊಬ್ಬ ಮೊಬೈಲ್ ನೋಡುತ್ತ ಕೂತೇ ಇದ್ದ.

"ಸರ್," ಎಂದಳು ನಾಗಶ್ರೀ, "ನೀವೂ ಏಳ್ರಿ."