ಇಂಡಿಯ ಪಡಸಾಲೆಯಲ್ಲಿ ಒಂದು ರುಜುವಾತು

ಕಳೆದ ಜುಲೈನಲ್ಲಿ, ನಾನು ಇಂಡಿಗೆ ಬಂದ ಆರನೆಯ ದಿನ, ಮೂವರು ಹೆಂಗಸರು ನನ್ನ ಬಾಡಿಗೆ ಮನೆಗೆ ಬಂದು ನನಗೆ ಸಮಾಧಾನ ಹೇಳಿದರು. ನಮ್ಮ ಮನೆಯಲ್ಲಿ ಯಾರೂ ತೀರಿಕೊಂಡಿರಲಿಲ್ಲ.

ಆಗಿದ್ದು ಇಷ್ಟು. ಬೆಳಗಿನಿಂದ ನಾನು ಪಡಸಾಲೆಯ ಕಂಬಕ್ಕೆ ಒರಗಿ, ತೊಡೆಯ ಮೇಲೆ ಖಾಲಿ ಹಾಳೆ ಇಟ್ಟುಕೊಂಡು ಗೋಡೆ ನೋಡುತ್ತಿದ್ದೆ. ಗಣಿತ ಸಂಶೋಧನೆ ಹೆಚ್ಚಿನ ದಿನ ಹೊರಗಿನವರಿಗೆ ಕಾಣುವುದು ಹೀಗೆಯೇ. ನಮ್ಮ ಮೈಸೂರಿನಲ್ಲಾದರೆ ಮನೆಯವರು ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋಗುತ್ತಾರೆ. ಇಲ್ಲಿ, ಒಬ್ಬಳೇ ಸುಮ್ಮನೆ ಕೂತವಳ ಪಕ್ಕ ಯಾರಾದರೂ ಹೋಗಿ ಕೂರಲೇಬೇಕು. ಅದು ಓಣಿಯ ಜವಾಬ್ದಾರಿ.

“ಮನ್ಯಾಗ ಏನರ ಆಗೇತೇನವಾ?” ಎಂದು ಕೇಳಿದವರು ಮನೆಯ ಒಡತಿ ನೀಲವ್ವ. ಎಪ್ಪತ್ತರ ಆಸುಪಾಸಿನವರು, ಊರಾಚೆ ನಿಂಬೆ ತೋಟವಿರುವ ಮನೆತನ.

“ಏನಿಲ್ಲ ಅಮ್ಮ, ಯೋಚನೆ ಮಾಡ್ತಿದ್ದೆ.”

“ಮುಂಜಾನಿಂದ? ಗಂಡ ಬಿಟ್ಟಾನೇನ?”

“ಮದುವೆನೇ ಆಗಿಲ್ಲ.”

“ಹಂಗಾರ ಅದ ವಿಚಾರ ಇರಬೇಕ ಬಿಡ,” ಎಂದರು ಜೊತೆಗೆ ಬಂದಾಕೆ. ಮೂವರೂ ನಕ್ಕರು. ಚಹಾ ಮಾಡಿದ್ದೂ ಅವರೇ, ನನ್ನ ಅಡುಗೆಮನೆಯಲ್ಲಿ.

ನಾನು ಬಂದದ್ದು ಇಲ್ಲಿನ ಪದವಿ ಕಾಲೇಜಿಗೆ ಗಣಿತ ಕಲಿಸಲು. ನನ್ನ ಸಂಶೋಧನೆ ಸಮೀಕರಣಗಳಿಂದ ಹುಟ್ಟುವ ಆಕೃತಿಗಳ ಬಗ್ಗೆ. ಸಮೀಕರಣವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಹೋದರೆ ಆಕೃತಿಯೂ ಬದಲಾಗುತ್ತದೆ. ಒಂದು ಹಂತದಲ್ಲಿ ಎಲ್ಲೋ ಚಿವುಟಿದಂತಾಗುತ್ತದೆ. ಆ ಹಂತವನ್ನು ಸುತ್ತಿ ಹೊರಟಲ್ಲಿಗೇ ಮರಳಿದರೆ ಆಕೃತಿ ಮೊದಲಿನದೇ, ಅದರ ಮೇಲೆ ಎಳೆದ ದಾರಿಗಳು ಮಾತ್ರ ಮೊದಲಿನಂತೆ ಇರುವುದಿಲ್ಲ. ಈ ಬಗ್ಗೆ ಬರೆದ ಲೇಖನವೊಂದು ನಿಯತಕಾಲಿಕದ ಪರಿಶೀಲನೆಯಲ್ಲಿತ್ತು. ಅದು ಸ್ವೀಕಾರವಾದರೆ ಮುಂಬಯಿಯ ಸಂಸ್ಥೆಯೊಂದರಲ್ಲಿ ಒಂದು ವರ್ಷದ ಸಂಶೋಧನಾ ಹುದ್ದೆ. ಆಗದಿದ್ದರೆ ವಯಸ್ಸಿನ ಮಿತಿಯಿಂದಾಗಿ ಇನ್ನೊಮ್ಮೆ ಅರ್ಜಿ ಹಾಕುವಂತಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಗಣಿತ ಉಪನ್ಯಾಸಕರಿಗೊಂದು ವಾಟ್ಸಾಪ್ ಗುಂಪಿದೆ. ಈ ವಿಷಯದಲ್ಲಿ ಆಸಕ್ತಿ ಇರುವವರು ಯಾರಾದರೂ ಇದ್ದೀರಾ ಎಂದು ಕೇಳಿದೆ. ಎಂಟು ಜನ ಹೆಬ್ಬೆರಳು ಎತ್ತಿದರು. ಒಬ್ಬರು ಆಂತರಿಕ ಅಂಕಗಳ ನಮೂನೆ ಕೇಳಿದರು.

ಊಟಕ್ಕೆ ಬೇಗ ಒಗ್ಗಿಕೊಂಡೆ. ಶೇಂಗಾ ಹಿಂಡಿ, ಅಂದರೆ ನಮ್ಮ ಕಡೆಯ ಕಡಲೆಕಾಯಿ ಚಟ್ನಿಪುಡಿ, ಮೊಸರು, ರೊಟ್ಟಿ ಇದ್ದರೆ ಅನ್ನ ನೆನಪಾಗುತ್ತಿರಲಿಲ್ಲ. ಒಗ್ಗದೆ ಉಳಿದದ್ದು ಜೊತೆಗೆ ಕೂರುವವರಿಗೆ. ನೀಲವ್ವ ದಿನವೂ ಜೋಳದ ಮೊರ ಹಿಡಿದು ಬಂದು, ಕಲ್ಲು ಆರಿಸುತ್ತಾ ನನ್ನ ಪಕ್ಕ ಕೂರುತ್ತಿದ್ದರು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅವರೇ ಹೇಳಿದರು: “ಬಾಯಿ ಬಿಟ್ಟ ಹೇಳವಾ. ಮನಸಿನ್ಯಾಗ ಇಟ್ಟಕೊಂಡ ಕೊರಗಬ್ಯಾಡ. ನನಗ ತಿಳಿಲಿ ಬಿಡಲಿ, ಕೇಳತೇನಿ.”

ಸೈಕಲ್ ಟ್ಯೂಬಿನ ಚಿತ್ರ ಬರೆದು ತೋರಿಸಿದೆ. “ಇದು ಇಲ್ಲಿ ಚಿವುಟಿಕೊಳ್ಳುತ್ತೆ.”

“ಯಾಕ?”

ಅದಕ್ಕೆ ಉತ್ತರವಿತ್ತು, ಹೇಳಿದೆ. “ಒಂದು ಸಲಕ್ಕೆ ಒಂದೇ ಕಡೆ ಚಿವುಟಿಕೊಳ್ಳುತ್ತೆ.”

“ಯಾಕ? ಎರಡ ಕಡಿ ಆಗಾಂಗಿಲ್ಲೇನ?”

“ಅದು ಸ್ಪಷ್ಟ ಇದೆ ಅಮ್ಮ.”

“ಸ್ಪಷ್ಟ ಇದ್ರ ಹೇಳ ಮತ್ತ. ಸಾಲ್ಯಾಗೂ ಹಿಂಗ ಕಲಿಸ್ತೀಯೇನ ನೀ?”

ಲೇಖನದಲ್ಲಿ ಅದೇ ಸಾಲಿಗೆ ‘ಇದು ಸ್ಪಷ್ಟ’ ಎಂದು ಬರೆದಿದ್ದೆ. ಮೂರು ಊರುಗಳ ವಿಚಾರ ಸಂಕಿರಣಗಳಲ್ಲಿ ಅದನ್ನೇ ಹೇಳಿದ್ದೆ. ಕೇಳಿದವರು ತಲೆಯಾಡಿಸಿದ್ದರು. ನಮ್ಮಲ್ಲಿ ಮಾತಿನ ನಡುವೆ ‘ಯಾಕೆ’ ಎನ್ನುವುದು ಸಭ್ಯತೆಯಲ್ಲ. ಪ್ರಶ್ನೆ ಚಹಾ ವಿರಾಮದವರೆಗೆ ಕಾಯುತ್ತದೆ, ಬಳಿಕ ಮರೆತುಹೋಗುತ್ತದೆ. ಒಂಬತ್ತು ದಿನಗಳ ನಂತರ, ಎರಡು ಕಡೆ ಒಟ್ಟಿಗೇ ಚಿವುಟಿಕೊಳ್ಳುವ ಆಕೃತಿಯೊಂದು ಸಿಕ್ಕಿತು. ಆ ಸಾಲು ಸುಳ್ಳಾಗಿತ್ತು.

ಪರಿಶೀಲಕರು ಅದನ್ನು ಗಮನಿಸಿರಲಿಲ್ಲ. ಅವರ ಅಭಿಪ್ರಾಯ ಬಹುತೇಕ ನನ್ನ ಪರವಾಗಿಯೇ ಬಂದಿತ್ತು. ಸುಮ್ಮನಿದ್ದರೆ ಹುದ್ದೆ ಸಿಗುತ್ತಿತ್ತು. ಲೇಖನ ಹಿಂಪಡೆಯುವ ಪತ್ರ ಬರೆಯಲು ನಾಲ್ಕು ದಿನ ತೆಗೆದುಕೊಂಡೆ. ಅದರ ಪ್ರತಿಯನ್ನು ಮುಂಬಯಿಗೂ ಕಳಿಸಿದೆ.

“ತಪ್ಪ ಆಗೇತಿ ಅನ್ನಾಕ ನಾಕ ದಿನಾ ಬೇಕಾತೇನ?” ಎಂದರು ನೀಲವ್ವ. “ಹುಬ್ಬ ಗಂಟ ಹಾಕಬ್ಯಾಡ, ಉಣ್ಣ ನಡಿ.”

ಸಂಕ್ರಾಂತಿಗೆ ಮೈಸೂರಿಗೆ ಹೋಗಿದ್ದೆ. ಕೋಣೆಯಲ್ಲಿ ಹಾಳೆ ಹಿಡಿದು ಕೂತೆ. ಅಮ್ಮ ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದರು. ಅರ್ಧ ಗಂಟೆ ಯಾರೂ ಬರಲಿಲ್ಲ. ಒಂದು ಸಾಲೂ ಬರೆಯಲಾಗದೆ ಎದ್ದು ಹೊರಗೆ ಬಂದೆ. ಊಟದ ಹೊತ್ತಿಗೆ ಅಮ್ಮ, “ಏನೇ ಇದು, ಜಗಳಕ್ಕೆ ಬಂದೋರ ಥರ ಮಾತು ಮಾತಿಗೂ ಯಾಕೆ ಯಾಕೆ ಅಂತೀಯ?” ಎಂದರು. ಇಂಡಿಗೆ ಮರಳಿದ ಮೇಲೆ, ಒಬ್ಬಳೇ ಯೋಚಿಸುವುದು ಮರೆತೇ ಹೋಗಬಾರದೆಂದು ದಿನಕ್ಕೆ ಎರಡು ಗಂಟೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದೇನೆ. ಓಣಿಯಲ್ಲಿ ಇದಕ್ಕೆ ಆಕ್ಷೇಪವಿದೆ.

ಮುಂಬಯಿಯ ಉತ್ತರ ಕಳೆದ ಗುರುವಾರ ಬಂತು. ಮೇ ಕೊನೆಯವರೆಗೆ ಹುದ್ದೆ ಕಾದಿರಿಸಿದ್ದಾರೆ. ಅಷ್ಟರೊಳಗೆ ತಿದ್ದಿದ ಲೇಖನ ಸ್ವೀಕಾರವಾಗಬೇಕು. ಕಾಲೇಜು ಮುಂದಿನ ವರ್ಷದ ವೇಳಾಪಟ್ಟಿಯಲ್ಲಿ ನನ್ನ ಹೆಸರು ಸೇರಿಸಿದೆ. ಎರಡು ಕಡೆ ಚಿವುಟಿಕೊಳ್ಳುವ ಆಕೃತಿಗಳ ರುಜುವಾತು ಇಂದಿನವರೆಗೆ ಅರ್ಧ ಆಗಿದೆ.