ಹೆಬ್ಬಾಗಿಲ ಮಾಡಿನ ಮಸಿ

ಕೋಡಿಂಬಾಳದಿಂದ ಸ್ವಲ್ಪ ಮುಂದೆ, ರಸ್ತೆಯ ಅಂಚಿನಲ್ಲಿ, ಹಿಂದೆ ಅರಸರು ಬೇಟೆಗೆಂದು ಇಟ್ಟುಕೊಂಡಿದ್ದ ಕಾಡಿನ ಹೆಬ್ಬಾಗಿಲು ಇದೆ. ಕಾಡು ಎಂದೋ ರಬ್ಬರ್ ತೋಟವಾಯಿತು. ಉಳಿದದ್ದು ಬಾಗಿಲು, ಅದರ ಎಡಬಲಕ್ಕೆ ಕಾವಲಿನವರ ಒಂದೊಂದು ಕೋಣೆ, ಮೇಲೆ ಹಂಚಿನ ಮಾಡು. ಎಡಗಡೆಯ ಕೋಣೆಗೆ ನಾನು ಕಂಡಾಗಿನಿಂದ ಬೀಗ. ಬಲಗಡೆಯದ್ದರಲ್ಲಿ ನನ್ನ ಅಮ್ಮನ ಚಾ ಹೋಟೆಲು. ಅಪ್ಪ ತೀರಿಕೊಂಡ ಮೇಲೆ ಜಾಗದ ಧಣಿಗಳು ಕನಿಕರದಿಂದ ಬಿಟ್ಟುಕೊಟ್ಟ ಕೋಣೆ ಅದು. ನಾನು ಉಂಡದ್ದು, ಓದಿದ್ದು, ಕಡಬದಲ್ಲಿ ಹೊಲಿಗೆ ಅಂಗಡಿ ಇಟ್ಟದ್ದು ಎಲ್ಲ ಅಲ್ಲಿದ್ದ ಕಟ್ಟಿಗೆ ಒಲೆಯ ದಯೆ. ಅರಸರ ಋಣ ಎಂದರೆ ನನಗೆ ಅಷ್ಟೇ ಗೊತ್ತು.

ಈಚೆಗೆ ಊರಿನವರು ಸೇರಿ ಹೆಬ್ಬಾಗಿಲನ್ನು ಮೊದಲಿನ ಹಾಗೆ ಮಾಡಬೇಕೆಂದು ಸಮಿತಿ ಕಟ್ಟಿದರು. ಒಳ್ಳೆಯದೇ. ಅಧ್ಯಕ್ಷರೂ ಒಳ್ಳೆಯವರೇ, ಬಾಯಿ ಮಾತ್ರ ಸ್ವಲ್ಪ ಉದ್ದ. ಮೊದಲ ದಿನವೇ ಹೋಟೆಲಿನೊಳಗೆ ನಿಂತು ಮಾಡನ್ನು ನೋಡಿದರು.

"ಎಂತ ಅಕ್ಕ ಇದು! ಅರಸರ ಕಟ್ಟಡಕ್ಕೆ ಹೀಗೆ ಮಸಿ ಹಿಡಿಸಿ ಹಾಳು ಮಾಡಿದ್ದೀರಲ್ಲ? ಮೊದಲು ಈ ಒಲೆ ತೆಗೀಬೇಕು. ಇನ್ನು ಹೋಟೆಲು ಇಲ್ಲಿ ಆಗ್ಲಿಕ್ಕಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ಹಾಳು ಮಾಡಿದ್ದಾ? ಇಷ್ಟು ವರ್ಷ ಗುಡಿಸಿ ಸಾರಿಸಿ ದೀಪ ಇಟ್ಟದ್ದು ಯಾರು? ಚಾ ಕುಡಿಯುವಾಗ ನಿಮಗೆ ಮಸಿ ಕಾಣಲಿಲ್ವಾ?" ಎಂದು ಒದರಿದೆ.

"ನೀನೊಮ್ಮೆ ಸುಮ್ಮನಿರು ಮಗಳೇ" ಎಂದಳು ಅಮ್ಮ. ಮರುದಿನ ಒಲೆ ಹಚ್ಚಲಿಲ್ಲ, ಬಟ್ಟೆಗಂಟು ಹಿಡಿದು ನನ್ನ ಮನೆಗೆ ಬಂದಳು. ಜಗಲಿಯಲ್ಲಿ ಕೂತು, ಬಂದವರ ಹತ್ತಿರವೆಲ್ಲ "ನಾನು ಹಾಳು ಮಾಡಿದ್ದಾ?" ಎಂದು ಕೇಳುತ್ತಿದ್ದಳು. ಹೋಟೆಲು ಹೋದದ್ದಕ್ಕಿಂತ ಹೆಚ್ಚು ಆ ಮಾತು ಅವಳನ್ನು ತಿಂದಿತು. ಊಟವೂ ಸರಿಯಾಗಿ ಸೇರುತ್ತಿರಲಿಲ್ಲ.

ಮಾಡು ಬಿಚ್ಚುವ ದಿನ, ಪಾತ್ರೆ ತರುವ ನೆಪದಲ್ಲಿ ಅವಳನ್ನು ಎಳೆದುಕೊಂಡೇ ಹೋದೆ. ಹಂಚು ಇಳಿಸಿ ಆಗಿತ್ತು. ಮರಗೆಲಸದ ಆಚಾರಿ ಏಣಿ ಹತ್ತಿ, ಎಡಗಡೆಯ ಕೋಣೆಯ ಮೇಲೆ ಹಂಚು ಹೊತ್ತಿದ್ದ ಪಕ್ಕಾಸಿಗೆ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರು. ಬುಸುಬುಸು ಹುಡಿ ಉದುರಿತು. ಒಳಗೆಲ್ಲ ಗೆದ್ದಲು, ಒಂದು ಮರವೂ ಉಳಿದಿರಲಿಲ್ಲ. ಆಮೇಲೆ ಬಲಗಡೆಗೆ ಬಂದು ಬಡಿದರು. ಠಣ್ ಎಂದಿತು. ಮಸಿ ಕೆರೆದರೆ ಒಳಗೆ ಹಲಸಿನ ಮರ ಕಲ್ಲಿನಷ್ಟು ಗಟ್ಟಿ.

"ಒಲೆಯ ಹೊಗೆ ಕುಡಿದ ಮರ ಅಧ್ಯಕ್ಷರೇ. ಗೆದ್ದಲು ಬಾಯಿ ಹಾಕ್ಲಿಲ್ಲ. ಅರಸರ ಕಾಲದ್ದು ಅಂತ ಉಳಿದದ್ದು ಇದೇ" ಎಂದರು ಆಚಾರಿ.

ನಾನು ಅಧ್ಯಕ್ಷರ ಮುಖವನ್ನೇ ನೋಡಿದೆ. ಸುಳ್ಳು ಯಾಕೆ, ಬಹಳ ಖುಷಿಯಿಂದ ನೋಡಿದೆ. ಅವರು ಅಮ್ಮನ ಕಡೆ ತಿರುಗಿ, "ನನ್ನದು ತಪ್ಪಾಯ್ತು ಅಕ್ಕ. ಉಳಿಸಿದ್ದು ನೀವು" ಎಂದರು. ಎಲ್ಲರೆದುರು ಹಾಗೆ ಹೇಳಲು ದೊಡ್ಡ ಮನಸ್ಸು ಬೇಕು. ಆ ಮಾತಿಗೆ ನಾನು ಇಂದಿಗೂ ಅವರಿಗೆ ಕೃತಜ್ಞಳು.

"ನನಗೆಂತ ಗೊತ್ತು ಮಾರಾಯ್ರೆ! ನಾನು ಚಾ ಮಾಡಿದ್ದು ಮಾತ್ರ" ಎಂದು ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಕೆಲಸ ಮುಗಿದ ದಿನ ಅವಳಿಗೆ ಶಾಲು ಹೊದೆಸಿ ಸನ್ಮಾನ ಮಾಡಿದರು. ಹೋಟೆಲು ಅಲ್ಲೇ ಇರಲಿ ಎಂದರು. ಅಷ್ಟಕ್ಕೇ ಬಿಡದೆ, "ಇನ್ನು ನಿಮಗೆ ಹೊಗೆಯ ಕಷ್ಟ ಬೇಡ" ಎಂದು ಅಧ್ಯಕ್ಷರು ಹೊಸ ಗ್ಯಾಸ್ ಒಲೆಯನ್ನೂ ತಂದಿಟ್ಟರು! ನನಗೆ ನಗು ತಡೆಯಲಾಗಲಿಲ್ಲ.

ಅಮ್ಮ ನಗಲಿಲ್ಲ. ಎಡಗಡೆಯ ಕೋಣೆಗೆ ಹೋಗಿ, ಮಾಡಿಗೆ ಹಾಕಿದ್ದ ಹೊಸ ಮರಗಳನ್ನು ತಲೆಯೆತ್ತಿ ನೋಡಿದಳು.

"ಗ್ಯಾಸಿಗೆ ಹೊಗೆ ಎಲ್ಲಿ ಉಂಟು? ಆಚೆಯದ್ದು ಬೇಕಾದಷ್ಟು ಕುಡಿದಾಗಿದೆ. ಇದಕ್ಕೆ ಯಾರು ಕೊಡುದು? ನನ್ನ ಒಲೆ ಇಲ್ಲಿ ಹಾಕಿ."

ಅಧ್ಯಕ್ಷರೇ ಪಂಚೆ ಎತ್ತಿ ಕಟ್ಟಿ ಒಲೆಯ ಕಲ್ಲು ಹೊತ್ತು ತಂದರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಕಳೆದ ಆದಿತ್ಯವಾರ ಹೋದಾಗ, "ಪ್ರಾಯ ಆಯ್ತಲ್ಲ ಅಮ್ಮ, ಸಾಕು, ಮನೆಗೆ ಬಾ" ಎಂದೆ. ಅವಳು ಮಾಡನ್ನು ತೋರಿಸಿದಳು. "ಇದು ಕಪ್ಪಾಗ್ಲಿಕ್ಕೆ ಇನ್ನೂ ತುಂಬ ವರ್ಷ ಉಂಟು. ಅಷ್ಟರವರೆಗೆ ನನಗೆ ಎಲ್ಲಿಗೂ ಹೋಗ್ಲಿಕ್ಕಿಲ್ಲ."

ನಾನು ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದೆ.