ಲ್ಯಾಪ್‌ಟಾಪಿಗೆ ಉಡಿ ತುಂಬಿದ್ದು

ನಮ್ಮ ಮನೆಗೆ ಬಂದ ಮೊದಲ ಲ್ಯಾಪ್‌ಟಾಪ್ ಅಣ್ಣ ಬಳಸಿ ಬಿಟ್ಟದ್ದು. ಹುಬ್ಬಳ್ಳಿಯಲ್ಲಿ ಔಷಧ ಮಾರುವ ಕೆಲಸದಲ್ಲಿದ್ದ ಅವನು ಹೊಸದೊಂದು ಕೊಂಡ ಮೇಲೆ ಹಳೆಯದನ್ನು ಇಳಕಲ್ಲಿಗೆ ಹೊತ್ತು ತಂದು, "ತಗೋ, ಸಾಲಿ ಹುಡುಗ್ರ ಮಾರ್ಕ್ಸ್ ಇದರಾಗ ಬರಕೋ" ಎಂದು ನನ್ನ ಮುಂದಿಟ್ಟ. ನಾನು ಆಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಹೆಗಲಿಗೆ ಹಾಕಿಕೊಂಡರೆ ಹೆಗಲು ಕಿತ್ತು ಬರುವಷ್ಟು ಭಾರ. ಗುಂಡಿ ಒತ್ತಿ ಹೋಗಿ ಚಹಾ ಕುದಿಸಿ, ಸೋಸಿ, ಕುಡಿದು ಬಂದರೂ ಅದಿನ್ನೂ ಎದ್ದಿರುತ್ತಿರಲಿಲ್ಲ. ಮುಚ್ಚಳದ ಕೊಂಡಿ ಬೇರೆ ಮುರಿದಿತ್ತು. ಪುಕ್ಕಟೆ ಬಂದದ್ದಲ್ಲವೇ, ಬಾಯಿ ಮುಚ್ಚಿಕೊಂಡು ಇಟ್ಟುಕೊಂಡೆ.

ಆದರೆ ಮಾರ್ಕ್ಸ್ ಬರೆಯುವುದಕ್ಕಿಂತ ದೊಡ್ಡ ಕೆಲಸ ಅದರ ಪಾಲಿಗೆ ಬಂತು. ಬೇಸಿಗೆಯಲ್ಲಿ ಅವ್ವ ಮನೆಯಲ್ಲಿ ಹೊದೆಯುವ ಕೌದಿಗಳನ್ನೆಲ್ಲ ಬಿಸಿಲಿಗೆ ಹಾಕಿದ್ದಳು. ಅದರಲ್ಲೊಂದು ಅವಳ ತಾಯಿ, ಅಂದರೆ ನನ್ನ ಅಜ್ಜಿ, ತಾನು ನೇಯ್ದು ಉಟ್ಟಿದ್ದ ಸೀರೆ ಹರಿದ ಮೇಲೆ ಅದನ್ನೇ ತುಂಡು ಮಾಡಿ ಹೊಲಿದದ್ದು. ಆ ಸೀರೆಯ ದಡಿ, ಅಂಚಿನ ಚಿತ್ತಾರ, ಈಗ ಇಳಕಲ್ಲಿನ ಯಾವ ಮಗ್ಗದ ಮೇಲೂ ಇರಲಿಲ್ಲ. ಕೌದಿಯಲ್ಲಿ ಉಳಿದದ್ದು ಗೇಣುದ್ದದ ಮೂರ್ನಾಲ್ಕು ಚೂರು, ಅವುಗಳ ಮೇಲೂ ಒತ್ತೊತ್ತಾಗಿ ಹೊಲಿಗೆ. ಮಿಕ್ಕದ್ದೆಲ್ಲ ಅವ್ವನ ತಲೆಯಲ್ಲಿತ್ತು; ಸಣ್ಣವಳಿದ್ದಾಗ ತಾಯಿಯ ಮಗ್ಗದ ಪಕ್ಕ ಕುಳಿತು ನೋಡಿ ನೋಡಿ ಕಲಿತದ್ದು.

ಬಾಗಲಕೋಟೆಯ ಕೈಮಗ್ಗದ ಕಚೇರಿಯಲ್ಲಿ ಮರೆತುಹೋದ ದಡಿಗಳನ್ನು ಆರಿಸುತ್ತಾರೆ, ಆರಿಸಿದ್ದನ್ನು ಮತ್ತೆ ನೇಕಾರರಿಗೆ ಹಂಚುತ್ತಾರೆ ಎಂಬ ಸುದ್ದಿ ಅದೇ ದಿನಗಳಲ್ಲಿ ನಮ್ಮ ಓಣಿಗೆ ಬಂತು. "ಒಂದ್ ಸಲ ಅದು ಮಗ್ಗದ ಮ್ಯಾಲೆ ಬಂದದ್ದು ಕಣ್ಣಿಲೆ ನೋಡಿದ್ರ ಸಾಕವಾ ನನಗ" ಎಂದಳು ಅವ್ವ. ಅವ್ವ ಯಾವತ್ತೂ ಇಂಥದ್ದು ಬೇಕೆಂದು ಕೇಳಿದವಳಲ್ಲ. ಇದೊಂದನ್ನು ಕೇಳಿದಳು.

ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿಡಿಯಲ್ಲಿ ಚೌಕಳಿಗಳಿಗೆ ಬಣ್ಣ ತುಂಬುವ ಪ್ರೋಗ್ರಾಂ ಇತ್ತು. ಅವ್ವ ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು ಹೇಳುವುದು, ನಾನು ತುಂಬುವುದು. "ಎರಡ್ ಕೆಂಪು ಹಾಕು. ಒಂದ್ ಬಿಡು. ಮೂರ್ ಹಳದಿ. ಅಯ್ಯ, ಅಲ್ಲಲ್ಲ, ಹಿಂದ ಹೋಗು!" ತಪ್ಪಿದರೆ ಮೊಣಕೈ ಮೇಲೆ ಚಿವುಟುತ್ತಿದ್ದಳು. ನಾನೂ ಕಡಿಮೆಯವಳಲ್ಲ, ಮಶೀನು ಮುಚ್ಚಿಟ್ಟು ಎದ್ದು ಹೋಗುತ್ತಿದ್ದೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಏನೂ ಆಗದವರಂತೆ ಮತ್ತೆ ಬಂದು ಕುಳಿತುಕೊಳ್ಳುತ್ತಿದ್ದೆವು. ರಜೆಯ ಒಂದು ವಾರ ಹೀಗೇ ಹೋಯಿತು, ಮತ್ತು ಅಂಥ ಸುಖದ ವಾರ ನನಗೆ ಆಮೇಲೆ ಸಿಕ್ಕಿಲ್ಲ.

ತೊಡಕು ಒಂದೇ. ಅದು ಪುಕ್ಕಟೆ ಪ್ರೋಗ್ರಾಂ ಆದ್ದರಿಂದ ಬರೆದದ್ದನ್ನು ಉಳಿಸಲು ಬಿಡುತ್ತಿರಲಿಲ್ಲ. ಮಶೀನು ಬಂದ್ ಮಾಡಿದರೆ ದಡಿ ಹೋಯಿತು. ಫೋನಿನಲ್ಲಿ ಅಣ್ಣ ಉಪಾಯ ಹೇಳಿದ: "ಬಂದ್ ಮಾಡಬ್ಯಾಡ. ಸುಮ್ನ ಮುಚ್ಚಳ ಹಾಕು, ಸ್ಲೀಪ್ ಆಗತೈತಿ. ತಗದ್ರ ಎಲ್ಲಿ ಬಿಟ್ಟಿದ್ಯೋ ಅಲ್ಲೇ ಇರತೈತಿ." ಹಾಗೆ ಒಂದು ವಾರ ಅದನ್ನು ಬಂದ್ ಮಾಡದೆ ಕಾದೆವು. ಕರೆಂಟು ಹೋದಾಗಲೆಲ್ಲ ನಮ್ಮಿಬ್ಬರ ಜೀವ ಹೋಗಿ ಬರುತ್ತಿತ್ತು. ಪರದೆಯ ಚಿತ್ರವನ್ನು ಒಂದೇ ಗುಂಡಿ ಒತ್ತಿ ತೆಗೆದಿಟ್ಟುಕೊಳ್ಳಬಹುದೆಂದು ನನಗೆ ತಿಳಿದದ್ದು ಮರುವರ್ಷ. ಆಗಲೇ ತಿಳಿದಿದ್ದರೆ ಇಲ್ಲಿ ಹೇಳಲಿಕ್ಕೆ ಏನೂ ಇರುತ್ತಿರಲಿಲ್ಲ.

ಕೊನೆಯ ಚೌಕಳಿ ತುಂಬಿದ್ದು ಬಾಗಲಕೋಟೆಗೆ ಹೋಗುವ ಹಿಂದಿನ ದಿನ ಸಂಜೆ. ಕಾಗದಕ್ಕೆ ಇಳಿಸಿಕೊಳ್ಳಲು ಹೊತ್ತಿರಲಿಲ್ಲ, ಮನಸ್ಸೂ ಇರಲಿಲ್ಲ. ಕಚೇರಿಯಲ್ಲಿ ಮುಚ್ಚಳ ತೆರೆದು ಎಲ್ಲರ ಕಣ್ಣು ಕುಕ್ಕಬೇಕೆಂಬ ಹುಕಿ ನನಗೆ. ಅವ್ವ ಮಾತ್ರ, "ಇನ್ನೊಮ್ಮಿ ಹೇಳಂದ್ರ ನನಗ ಬರೂದಿಲ್ಲ ನೋಡು. ಇದ್ದದ್ದೆಲ್ಲಾ ಅದರಾಗ ಹೋತು" ಎಂದಳು.

ಚೀಲದಲ್ಲಿ ಒಯ್ಯುವುದು ಹೇಗೆಂದು ಅಣ್ಣನೇ ಪಾಠ ಮಾಡಿದ್ದ. ಮುಚ್ಚಳ ಗಟ್ಟಿಯಾಗಿ ಕೂತಿರಬೇಕು. ಮೌಸ್ ಕಿತ್ತಿಡಬೇಕು. ಪಕ್ಕದ ದೀಪ ಮಿಣಮಿಣ ಅಂದರೆ ಮಲಗಿದೆ ಎಂದು ತಿಳಿದು ಆಮೇಲೆ ಚೀಲಕ್ಕೆ ಹಾಕಬೇಕು. "ಚೀಲದೊಳಗ ಎದ್ದಿತಂದ್ರ ಕಾದು ಹಂಚಾಗತೈತಿ. ಬ್ಯಾಟ್ರಿನೂ ಹೋತು, ದಡೀನೂ ಹೋತು." ಬೆಳಿಗ್ಗೆ ಕರೆಂಟು ಇರಲಿಲ್ಲ, ಬ್ಯಾಟರಿ ಅರ್ಧವೇ ತುಂಬಿತ್ತು. ಕೊಂಡಿ ಮುರಿದ ಮುಚ್ಚಳಕ್ಕೆ ಲಂಗದ ಲಾಡಿ ಸುತ್ತಿ ಬಿಗಿದೆ, ದೀಪ ನೋಡಿದೆ, ಎಲ್ಲ ಸರಿ ಇತ್ತು. ಆಮೇಲೆ ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಅವ್ವ ಮಶೀನನ್ನು ಅಜ್ಜಿಯ ಕೌದಿಯಲ್ಲಿ ಸುತ್ತಿ, ಚೀಲದಲ್ಲಿಟ್ಟು, ಮೇಲೊಂದು ರೊಟ್ಟಿಯ ಗಂಟು ಇಟ್ಟಿದ್ದಳು. ಕೌದಿಯನ್ನು ಕಚೇರಿಯವರಿಗೆ ತೋರಿಸಲು ಹೇಗೂ ಒಯ್ಯಬೇಕಿತ್ತು, ರಸ್ತೆಯ ಕುಲುಕಾಟಕ್ಕೂ ಒಳ್ಳೆಯದೇ ಎಂದು ಚೀಲ ಎತ್ತಿಕೊಂಡು ಬಸ್ಸು ಹಿಡಿದೆ.

ಊರು ದಾಟುವಷ್ಟರಲ್ಲಿ ಚೀಲದ ಕೆಳಗೆ ತೊಡೆ ಬೆಚ್ಚಗಾಯಿತು. ಅವ್ವ ಬಿಸಿ ಬಿಸಿ ರೊಟ್ಟಿ ಕಟ್ಟಿದ್ದಾಳೆ ಎಂದು ಹಿಗ್ಗಿದೆ. ಬೆಚ್ಚಗಿನದು ಬಿಸಿಯಾಯಿತು. ಎಷ್ಟು ಹೊತ್ತು ಬಿಸಿ ಹಿಡಿದಿವೆ ನೋಡು, ಅವ್ವನ ಕೈಯೇ ಕೈ ಎಂದುಕೊಂಡೆ. ಹುನಗುಂದದ ಸ್ಟ್ಯಾಂಡಿನಲ್ಲಿ ಡ್ರೈವರ್ ಇಂಜಿನ್ ಬಂದ್ ಮಾಡಿ ಚಹಾಕ್ಕೆ ಇಳಿದ. ಬಸ್ಸು ಸುಮ್ಮನಾದಾಗ ನನ್ನ ಚೀಲ ಗುರ್ ಅನ್ನುತ್ತಿರುವುದು ಕೇಳಿಸಿತು.

ಪಕ್ಕದಲ್ಲಿ ತುಳಸಿಗೇರಿ ಹಣಮಪ್ಪನ ದರ್ಶನಕ್ಕೆ ಹೊರಟಿದ್ದ ವಯಸ್ಸಾದ ಹೆಂಗಸು ಕುಳಿತಿದ್ದಳು. "ಏನವಾ ಅದು, ಬೆಕ್ಕು ಇಟ್ಕೊಂಡೀಯೇನ?" ಎಂದಳು.

ರೊಟ್ಟಿಯ ಗಂಟನ್ನು ಅವಳ ಮಡಿಲಿಗೆ ದಾಟಿಸಿ ಕೌದಿ ಬಿಡಿಸಿದೆ. ಲಾಡಿಯ ಗಂಟು ನಾನು ಹಾಕಿದ್ದಲ್ಲ. ಮುಚ್ಚಳ ಬೆರಳು ಹೋಗುವಷ್ಟು ಬಾಯಿ ಬಿಟ್ಟಿತ್ತು, ಒಳಗೆ ಬೆಳಕು ಉರಿಯುತ್ತಿತ್ತು. ತೆರೆದರೆ ಗುಂಡಿಗಳ ಮೇಲೆ ಒಂದು ಹಿಡಿ ಅಕ್ಕಿ, ಒಂದು ಅಡಿಕೆ, ಅರಿಸಿನದ ಕೊಂಬು, ಉತ್ತತ್ತಿ. ಹಿಂದೆ ನನ್ನ ಅಜ್ಜಿಯ ದಡಿ ಕೆಂಪಗೆ, ಹಳದಿಯಾಗಿ ಝಗಮಗಿಸುತ್ತಿತ್ತು. ಮೂಲೆಯಲ್ಲಿ ಬ್ಯಾಟರಿಯ ಗುರುತೂ ಕೆಂಪಾಗಿತ್ತು.

ಸಿಟ್ಟು ನೆತ್ತಿಗೇರಿತು. ಅವ್ವ ಎದುರಿಗಿದ್ದರೆ ಏನು ಅಂದುಬಿಡುತ್ತಿದ್ದೆನೋ. ಆದರೆ ಅರಿಸಿನದ ಕೊಂಬು ಕೈಗೆ ತೆಗೆದುಕೊಂಡಾಗ ಅರ್ಥವಾಯಿತು. ತವರಿನಿಂದ ಹೊರಡುವ ಹೆಣ್ಣುಮಗಳ ಮಡಿಲಿಗೆ ಉಡಿ ತುಂಬಿ ಕಳಿಸುವುದು ನಮ್ಮಲ್ಲಿ ಎಲ್ಲರ ಮನೆಯ ರೂಢಿ. ನಮ್ಮ ಮನೆಯಲ್ಲಿ ಸೀರೆಗೂ ತುಂಬುತ್ತಿದ್ದರು. ಹೊಸ ದಡಿಯ ಮೊದಲ ಸೀರೆ ಮಾರಾಟಕ್ಕೆ ಹೊರಟರೆ ಅದರ ಮಡಿಕೆ ತೆರೆದು ಅಕ್ಕಿ, ಅಡಿಕೆ, ಅರಿಸಿನ ಇಟ್ಟೇ ಕಳಿಸಬೇಕು. ಬರಿ ಉಡಿಯಲ್ಲಿ ಹೊಸಿಲು ದಾಟಿಸಬಾರದು. ಈ ಸೀರೆಗೆ ಇದ್ದದ್ದು ಇದೊಂದೇ ಮಡಿಕೆ. ಅದನ್ನೇ ಅವ್ವ ತೆರೆದಿದ್ದಳು.

"ಅಯ್ಯ ಶಿವನ, ಇದಕ್ಕ ಜ್ವರ ಬಂದಾವಲ್ಲ!" ಎಂದಳು ಆ ಹೆಂಗಸು, ಮಶೀನಿನ ಬೆನ್ನ ಮೇಲೆ ಅಂಗೈ ಇಟ್ಟು.

"ಹೌದ್ರಿ ಅಮ್ಮಾ. ಮಲಗಿಸಬೇಕ್ರಿ."

ಉಡಿಯ ಅಕ್ಕಿ ಚೆಲ್ಲಬಾರದು. ಒಂದೊಂದೇ ಕಾಳು ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡೆ. ಮುಚ್ಚಳ ಒತ್ತಿದೆ, ಗುರ್ ನಿಂತಿತು, ದೀಪ ಮಿಣಮಿಣ ಅಂದಿತು. ಕೌದಿಯನ್ನು ಬೇರೆ ಮಡಚಿಟ್ಟೆ. ಮಶೀನನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಎರಡೂ ಕಡೆ ಅಂಗೈ ಒತ್ತಿ ಹಿಡಿದು ಕುಳಿತೆ. ಆ ಹೆಂಗಸು ಕೇಳದೆಯೇ ತನ್ನ ಸೆರಗಿನಿಂದ ಅದಕ್ಕೆ ಗಾಳಿ ಬೀಸತೊಡಗಿದಳು. ಅಮೀನಗಡ ದಾಟುವವರೆಗೂ ಬೀಸಿದಳು, ಆಮೇಲೆ ಮುಟ್ಟಿ ನೋಡಿ, "ಈಗ ಆರಾಮ ಐತಿ ನೋಡು" ಎಂದಳು. ನಾವಿಬ್ಬರೂ ರೊಟ್ಟಿ ತಿಂದೆವು. ಅಂದರೆ ಅವಳು ಮುರಿದು ನನ್ನ ಬಾಯಿಗೆ ಇಟ್ಟಳು. ನನ್ನ ಕೈ ಖಾಲಿ ಇರಲಿಲ್ಲ. ರೊಟ್ಟಿ ತಣ್ಣಗಿದ್ದವು.

ಬಾಗಲಕೋಟೆ ನವನಗರದ ಕಚೇರಿ ಹೊಕ್ಕವಳೇ ನಮಸ್ಕಾರ ಎನ್ನುವ ಮೊದಲು, "ಪ್ಲಗ್ ಎಲ್ಲೈತ್ರಿ?" ಎಂದೆ. ದಡಿ ಆರಿಸುವ ಸಾಹೇಬರು ಗಾಬರಿಯಾಗಿ ತಮ್ಮ ಟೇಬಲ್ ಫ್ಯಾನಿನ ವಯರು ಕಿತ್ತು ಜಾಗ ಕೊಟ್ಟರು. ಮುಚ್ಚಳ ತೆರೆದೆ. ಪರದೆ ಕಪ್ಪಗಿತ್ತು. ಅವ್ವನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ನನ್ನ ಹುಕಿ, ಕಣ್ಣು ಕುಕ್ಕುವ ಆಸೆ ಎಲ್ಲ ಹಾರಿಹೋಗಿತ್ತು. ಗುಂಡಿ ಒತ್ತಿದೆ. ಒಳಗೆ ಏನೋ ಕಿರ್ ಎಂದಿತು. ಆಮೇಲೆ ಒಮ್ಮೆಲೇ ದಡಿ ಮೂಡಿತು. ಒಂದು ಚೌಕಳಿಯೂ ಹೋಗಿರಲಿಲ್ಲ.

ಸಾಹೇಬರು ಪರದೆ ನೋಡಿದರು, ಕೌದಿಯ ಚೂರುಗಳನ್ನು ನೋಡಿದರು, ಮತ್ತೆ ಪರದೆ ನೋಡಿದರು. "ಎಷ್ಟ್ ಚಲೋ ಐತ್ರಿ ಇದು. ಇಲ್ಲಿತನಾ ಎಲ್ಲಿತ್ತು?"

"ನಾವು ಹೊತ್ಕೊಂಡು ಮಲಗತಿದ್ವಿರಿ" ಎಂದೆ.

ಅವರು ನಕ್ಕು ಚೌಕಳಿ ಕಾಗದ ತೆಗೆದು ಪೆನ್ಸಿಲ್ ಚೂಪು ಮಾಡಿದರು. ನಾನು ಹೇಳತೊಡಗಿದೆ: ಎರಡ್ ಕೆಂಪು, ಒಂದ್ ಬಿಡ್ರಿ, ಮೂರ್ ಹಳದಿ. ಅವ್ವನ ರಾಗವೇ ನನ್ನ ಬಾಯಲ್ಲಿ ಬರುತ್ತಿತ್ತು. ಕಾಗದ ತುಂಬಿದ ಮೇಲೆ ಒಂದು ವಾರದಿಂದ ನಾವು ಕಾಯ್ದುಕೊಂಡಿದ್ದ ಮಶೀನನ್ನು ಮೊದಲ ಸಲ ಬಂದ್ ಮಾಡಿದೆ.

ಮನೆಗೆ ಬಂದು ನಡೆದದ್ದೆಲ್ಲ ಹೇಳಿದಾಗ ಅವ್ವನ ಮುಖ ಸಣ್ಣದಾಯಿತು. "ನಾನೇ ಕೆಡಸಿಬಿಡತಿದ್ನಲ್ಲವಾ" ಎಂದಳು. ಬೆಕ್ಕಿನ ಮಾತು, ಜ್ವರದ ಮಾತು ಹೇಳಿದೆ. ನಗು ತಡೆಯಲಾರದೆ ಗೋಡೆಗೆ ಒರಗಿಬಿಟ್ಟಳು.

ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಓಣಿಯ ಮಗ್ಗವೊಂದರ ಮೇಲೆ ಆ ದಡಿ ಏರಿತು. ಅವ್ವ ದಿನಾ ಹೋಗಿ ಮಗ್ಗದ ಪಕ್ಕ ಕುಳಿತು ಬರುತ್ತಿದ್ದಳು, ಸಣ್ಣವಳಿದ್ದಾಗ ಕುಳಿತಂತೆ. ಮೊದಲ ಸೀರೆ ಇಳಿದಾಗ ನೇಕಾರರು ಅದನ್ನು ನಮ್ಮ ಮನೆಗೆ ತಂದು, "ಉಡಿ ನೀವ ತುಂಬ್ರಿ, ನಿಮ್ಮ ಅವ್ವನ ದಡಿ ಐತಿ" ಎಂದರು. ಅವ್ವ ಸೀರೆಯನ್ನು ಮಣೆಯ ಮೇಲಿಟ್ಟಳು. ದಡಿಯ ಮೇಲೆ ಬಹಳ ಹೊತ್ತು ಬೆರಳಾಡಿಸಿದಳು. ಆಮೇಲೆ ಮಡಿಕೆ ತೆರೆದು, ಹಿಡಿಯಲ್ಲಿ ಅಕ್ಕಿ ತೆಗೆದುಕೊಂಡು, ಅಲ್ಲೇ ತಡೆದು ನನ್ನ ಕಡೆ ತಿರುಗಿದಳು. ಅವಳ ಕಣ್ಣು ತುಂಬಿದ್ದವು, ತುಟಿ ಮಾತ್ರ ನಗುತ್ತಿತ್ತು.

"ಇದರಾಗ ಇಡಬಹುದಿಲ್ಲವಾ? ಇದಕ್ಕೇನ ಜ್ವರ ಬರೂದಿಲ್ಲಲ್ಲ?"